'ಹೀರೋ': ಗಾಳೀಲಿ ಹಾರೋದನ್ನ ಬಿಟ್ಟು ಏನು ನೋಡ್ಬೇಕು?

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಲ್ಲಿ ಆರು ಜನ ಸೇರಿ ಒಂದೇ ಲ್ಯಾಪ್‌ಟಾಪ್‌ನಲ್ಲಿ 'ಹೀರೋ' ನೋಡಿದ್ವಿ. ರಿಷಬ್ ಶೆಟ್ಟಿ ಅವರ 'ಹೀರೋ' ಅಲ್ಲ, ಚೀನಾದ ಝಾಂಗ್ ಯಿಮೌ 2002ರಲ್ಲಿ ಮಾಡಿದ, ಜೆಟ್ ಲೀ ಇರೋ 'ಹೀರೋ'. ಇಬ್ಬರು ಸರೋವರದ ನೀರಿನ ಮೇಲೆ ಓಡ್ತಾ ಕತ್ತಿ ಬೀಸೋ ಸೀನ್ ಬಂದಾಗ ಮೆಕ್ಯಾನಿಕಲ್ ಹುಡುಗ ಒಬ್ಬ, "ಗುರೂ, ಗ್ರ್ಯಾವಿಟಿ ಇವತ್ತು ರಜಾ ಹಾಕಿದ್ಯಾ?" ಅಂದ. ಎಲ್ರೂ ನಕ್ವಿ. ನಾನೂ ನಕ್ಕೆ. ಆದ್ರೆ ಆಮೇಲೆ ಒಂದು ಪ್ರಶ್ನೆ ತಲೇಲಿ ಉಳೀತು. ಇಂಥ ಸಿನಿಮಾ ಚೆನ್ನಾಗಿದೆಯೋ ಇಲ್ವೋ ಅಂತ ಹೇಳೋದು ಯಾವ ಆಧಾರದ ಮೇಲೆ?

ನಾನು ಮೂರು ಪ್ರಶ್ನೆ ಇಟ್ಕೊಂಡು ಮತ್ತೆ ನೋಡಿದೆ. ಮುಂದೆ ಕಥೆಯ ಕೊನೆಯೂ ಬರುತ್ತೆ, ಗೊತ್ತಾಗಬಾರದು ಅನ್ನೋರು ಮೊದಲು ಸಿನಿಮಾ ನೋಡಿ ಬನ್ನಿ.

ಒಂದು: ಹೊಡೆದಾಟ ಏನಾದ್ರೂ ಹೇಳ್ತಾ ಇದೆಯಾ?

ಈ ಥರದ ಸಿನಿಮಾಗಳಿಗೆ ಚೀನೀ ಭಾಷೇಲಿ 'ವುಶಿಯಾ' ಅಂತಾರೆ. 'ವು' ಅಂದ್ರೆ ಯುದ್ಧವಿದ್ಯೆ, 'ಶಿಯಾ' ಅಂದ್ರೆ ಮಾತಿಗೆ ತಪ್ಪದ ವೀರ. ಸಾಧನೆ ಮಾಡಿದವರ ದೇಹ ಹಗುರ ಆಗುತ್ತೆ, ಅವರು ಮರದ ತುದೀಲೂ ನಿಲ್ಲಬಹುದು ಅನ್ನೋದು ಈ ಕಥೆಗಳ ಹಳೇ ನಿಯಮ. ಯಕ್ಷಗಾನದಲ್ಲಿ ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಬಂದ್ರೆ ಕಾಡಿಂದ ಅರಮನೆಗೆ ಬಂದ ಅಂತ ನಾವು ಒಪ್ಕೊಳ್ತೀವಲ್ಲ, ಹಾಗೇ ಇದು. ಆದ್ದರಿಂದ 'ಇದು ಸಾಧ್ಯನಾ?' ಅಂತ ಕೇಳೋದ್ರಲ್ಲಿ ಉಪಯೋಗ ಇಲ್ಲ. 'ಯಾಕೆ ಹಾರಿದ?' ಅಂತ ಕೇಳ್ಬೇಕು.

ಆ ಸರೋವರದ ಸೀನನ್ನೇ ತಗೊಳ್ಳಿ. ಪಕ್ಕದ ಮಂಟಪದಲ್ಲಿ ಫ್ಲೈಯಿಂಗ್ ಸ್ನೋ ಅನ್ನೋ ವೀರಳ ಶವ ಇದೆ. ಹೋರಾಟದ ನಡುವೆ ಒಂದು ಹನಿ ನೀರು ಅವಳ ಮುಖದ ಮೇಲೆ ಬೀಳುತ್ತೆ. ಅವಳ ಪ್ರೇಮಿ ಬ್ರೋಕನ್ ಸ್ವೋರ್ಡ್ ಎದುರಾಳಿಗೆ ಬೆನ್ನು ಹಾಕಿ ಅದನ್ನ ಒರೆಸೋಕೆ ಹೋಗ್ತಾನೆ. ಎದುರಾಳಿ ಆಗ ಕೊಲ್ಲಬಹುದಿತ್ತು, ಕೊಲ್ಲಲ್ಲ. ಒಂದು ಡೈಲಾಗೂ ಇಲ್ಲದೆ ಇಬ್ಬರ ಸ್ವಭಾವ ಗೊತ್ತಾಗಿಬಿಡುತ್ತೆ. ನಾವು ನಗ್ತಾ ಇದ್ದಾಗ ಮಿಸ್ ಮಾಡಿದ್ದು ಇದನ್ನೇ.

ಎರಡು: ಚಂದಕ್ಕೆ ಕಾರಣ ಇದೆಯಾ?

ಕ್ರಿಸ್ಟೋಫರ್ ಡಾಯ್ಲ್ ಅವರ ಕ್ಯಾಮೆರಾ ಕೆಲಸ ಯಾರಿಗಾದ್ರೂ ಇಷ್ಟ ಆಗುತ್ತೆ. ಆದ್ರೆ ಬಣ್ಣಗಳು ಬರೀ ವಾಲ್‌ಪೇಪರ್ ಅಲ್ಲ. ಹೆಸರಿಲ್ಲದ ಒಬ್ಬ ವೀರ (ಜೆಟ್ ಲೀ) ಚಿನ್ ರಾಜ್ಯದ ರಾಜನ ಹತ್ತಿರ ಬಂದು, ನಿನ್ನನ್ನ ಕೊಲ್ಲೋಕೆ ಹೊಂಚು ಹಾಕಿದ್ದ ಮೂವರನ್ನ ನಾನು ಮುಗಿಸಿದೆ ಅಂತಾನೆ. ಅವನು ಹೇಳೋ ಸುಳ್ಳು ಕಥೆ ಕೆಂಪು. ರಾಜ ಊಹಿಸಿ ಹೇಳೋ ಕಥೆ ನೀಲಿ. ನಿಜ ಬಿಳಿ. 'ಉಳಿದವರು ಕಂಡಂತೆ' ನೋಡಿದವರಿಗೆ ಈ ಥರದ ಕಟ್ಟೋಣ ಹೊಸದಲ್ಲ. ಇಲ್ಲಿ ಜೊತೆಗೆ ಒಂದು ಲೆಕ್ಕ ಇದೆ. ರಾಜನಿಂದ ನೂರು ಹೆಜ್ಜೆ ದೂರ ಇರ್ಬೇಕು ಅನ್ನೋದು ಆಜ್ಞೆ. ಒಬ್ಬ ಶತ್ರು ಸತ್ತಿದ್ದಕ್ಕೆ ಇಪ್ಪತ್ತು ಹೆಜ್ಜೆ ಹತ್ತಿರ ಬರೋಕೆ ಅನುಮತಿ, ಉಳಿದಿಬ್ಬರಿಗೆ ಹತ್ತು ಹೆಜ್ಜೆ. ಅಂದ್ರೆ ಕಥೆ ಹೇಳೋದೇ ಕತ್ತಿ ಹಿಡಿದು ಹತ್ತಿರ ಹೋಗೋ ದಾರಿ. ಹತ್ತು ಹೆಜ್ಜೆಯಿಂದ ಅವನ ಏಟು ತಪ್ಪಲ್ಲ. ಈ ಪ್ರಶ್ನೆಗೂ ನಾನು ಪೂರ್ತಿ ಮಾರ್ಕ್ಸ್ ಕೊಟ್ಟೆ.

ಮೂರು: ಇಷ್ಟೆಲ್ಲ ಮಾಡಿ ಹೇಳೋದೇನು?

ಇಲ್ಲಿ ನಂಗೆ ಕಷ್ಟ ಆಯ್ತು. ಕೊನೇಲಿ ವೀರ ರಾಜನನ್ನ ಕೊಲ್ಲಲ್ಲ. ಕಾರಣ, ಬ್ರೋಕನ್ ಸ್ವೋರ್ಡ್ ಮರಳಿನ ಮೇಲೆ ಬರೆದು ತೋರಿಸಿದ್ದ 'ಟಿಯೆನ್‌ಶಿಯಾ' ಅನ್ನೋ ಪದ. ಆಕಾಶದ ಕೆಳಗಿರೋದೆಲ್ಲ ಅಂತ ಅದರ ಅರ್ಥ. 2004ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ ಸಬ್‌ಟೈಟಲ್‌ನಲ್ಲಿ ಅದನ್ನ 'ನಮ್ಮ ನಾಡು' ಅಂತ ಮಾಡಿದ್ರು. ಒಂದು ಪದ ಬದಲಾದ್ರೆ ಇಡೀ ತೀರ್ಪೇ ಬದಲಾಗುತ್ತೆ ನೋಡಿ. ಯುದ್ಧಗಳು ನಿಲ್ಬೇಕಾದ್ರೆ ಎಲ್ಲರನ್ನೂ ಒಬ್ಬನೇ ಆಳ್ಬೇಕು, ಅದಕ್ಕೆ ನಮ್ಮ ಸೇಡು ಬಿಟ್ಟುಬಿಡೋಣ ಅನ್ನೋದು ವಾದ. ಈ ರಾಜ ಕ್ರಿ.ಪೂ. 221ರಲ್ಲಿ ಚೀನಾವನ್ನ ಒಂದು ಮಾಡಿದ ಚಿನ್ ಶಿ ಹುವಾಂಗ್. ಪುಸ್ತಕ ಸುಡಿಸಿದವನೂ ಅವನೇ. ಸರ್ವಾಧಿಕಾರಿಗೆ ಸಿನಿಮಾ ಕ್ಷಮೆ ಕೊಟ್ಟಿದೆ ಅಂತ ಅನೇಕ ವಿಮರ್ಶಕರು ಬೈದಿದ್ದಾರೆ.

ನನ್ನನ್ನ ಚುಚ್ಚಿದ್ದು ಮಾತ್ರ ಒಂದು ಸಣ್ಣ ಮಾತು. ವೀರ ಒಂದು ಲಿಪಿಶಾಲೆಗೆ ಹೋಗಿ 'ಕತ್ತಿ' ಅನ್ನೋ ಅಕ್ಷರ ಬರೆಸ್ತಾನೆ. ಅದನ್ನ ಬರೆಯೋಕೆ ಹತ್ತೊಂಬತ್ತು ರೀತಿ ಇವೆ, ಅವನಿಗೆ ಬೇಕಾಗಿರೋದು ಇಪ್ಪತ್ತನೇದು. ಇದನ್ನ ಕೇಳಿದ ರಾಜ, ಒಂದು ಪದಕ್ಕೆ ಹತ್ತೊಂಬತ್ತು ರೂಪ ಯಾಕೆ, ನಾನು ಒಂದನ್ನ ಬಿಟ್ಟು ಎಲ್ಲಾ ತೆಗೆದುಹಾಕ್ತೀನಿ ಅಂತಾನೆ. ಚರಿತ್ರೇಲಿ ಅವನು ಲಿಪಿ, ತೂಕ, ಅಳತೆ ಎಲ್ಲವನ್ನೂ ಒಂದೇ ಮಾಡಿದ. ಇಂಜಿನಿಯರಿಂಗ್ ಓದೋ ನಂಗೆ ಸ್ಟ್ಯಾಂಡರ್ಡ್ ಅಂದ್ರೆ ಗೌರವ ಇದೆ. ಊರಿಗೊಂದು ಸೈಜ್ ನಟ್-ಬೋಲ್ಟ್ ಇದ್ರೆ ಕೆಲಸ ನಡೆಯಲ್ಲ. ಆದ್ರೆ ಅದೇ ಲಿಪಿಶಾಲೆ ಮೇಲೆ ರಾಜನ ಸೈನ್ಯದ ಬಾಣಗಳ ಮಳೆ ಸುರಿಯೋವಾಗ, ಗುರು ಎದ್ದು ಓಡಲ್ಲ. ಬಾಣ ನಮ್ಮ ಊರನ್ನ ಹಾಳು ಮಾಡಬಹುದು, ನಮ್ಮ ಅಕ್ಷರವನ್ನಲ್ಲ ಅಂತ ಗುರು ಹೇಳ್ತಾರೆ, ಎಲ್ರೂ ಬರೀತಾನೇ ಇರ್ತಾರೆ.

ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಈ ಲೇಖನ ಬರೆಯೋವಾಗಲೂ ಎಲ್ಲಿ 'ಲ', ಎಲ್ಲಿ 'ಳ' ಅಂತ ಅಮ್ಮಂಗೆ ಎರಡು ಸಲ ಫೋನ್ ಮಾಡಿದೀನಿ. ಒಂದೇ ಭಾಷೆ, ಒಂದೇ ಲಿಪಿ ಆದ್ರೆ ಎಲ್ಲಾ ಸುಲಭ ಅಂತ ನಾನೇ ಎಷ್ಟೋ ಸಲ ಅಂದಿದೀನಿ. ಆ ಗುರುವನ್ನ ನೋಡಿದ ಮೇಲೆ ಹಾಗನ್ನೋಕೆ ಆಗಲಿಲ್ಲ. ರಾಜನ ಮಾತು ಕೇಳೋಕೆ ಸರಿ ಅನ್ಸುತ್ತೆ, ಬೆಲೆ ಕೊಟ್ಟೋರು ಮಾತ್ರ ಆ ಶಾಲೇಲಿ ಕೂತಿದ್ದೋರು.

ಹಾಗಾದ್ರೆ ತೀರ್ಪು? 'ಹೀರೋ' ದೊಡ್ಡ ಸಿನಿಮಾ, ಅದರ ಕೊನೆಯನ್ನ ನಾನು ಒಪ್ಪಲ್ಲ. ಎರಡನ್ನೂ ಒಟ್ಟಿಗೆ ಹೇಳಬಹುದು. ಚಂದ ಇದೆ ಅಂತ ಹೇಳಿದ್ದನ್ನೆಲ್ಲ ಒಪ್ಕೋಬೇಕಿಲ್ಲ, ಒಪ್ಪಲ್ಲ ಅಂತ ಚಂದ ಇಲ್ಲ ಅನ್ನೋದೂ ಬೇಡ. ಫ್ಲೈಯಿಂಗ್ ಸ್ನೋ ಕೂಡ ಕೊನೆವರೆಗೂ ರಾಜನನ್ನ ಕ್ಷಮಿಸಲ್ಲ. ನನ್ನ ಪರವಾಗಿ ವಾದ ಮಾಡೋಳು ಸಿನಿಮಾ ಒಳಗೇ ಇದಾಳೆ.

ಮುಂದಿನ ಇಂಟರ್ನಲ್ಸ್ ಮುಗಿದ ಮೇಲೆ ಮತ್ತೆ ಹಾಕ್ತೀವಿ. ಬರೋರು ಬನ್ನಿ. ಗ್ರ್ಯಾವಿಟಿ ಜೋಕ್ ಒಂದು ಸಲ ಮಾತ್ರ.