ಎರಡು ಡಿಗ್ರಿಯ ಆಸೆ, ಒಂದು ಪಹಣಿಯ ಲೆಕ್ಕ

ಪಿಯುಸಿ ಫಲಿತಾಂಶ ಬಂತೆಂದರೆ ಚಿತ್ರದುರ್ಗದ ಬಳಿಯ ತುರುವನೂರಿನ ಫೋನುಗಳಿಗೂ ‘ಡ್ಯುಯಲ್ ಡಿಗ್ರಿ’ (ಇಲ್ಲಿಯದೊಂದು, ವಿದೇಶದ್ದೊಂದು ಪದವಿ) ಜಾಹೀರಾತು ತಪ್ಪಿದ್ದಲ್ಲ. ಅದರ ಹಿಂದೆಯೇ ಊರ ಮಾತುಗಳೂ ಹೊರಡುತ್ತವೆ.

‘ಎರಡು ಡಿಗ್ರಿ ಅಂದ್ರೆ ಎರಡು ಬ್ರಾಂಚು ಕಣಪ್ಪ.’
ಅಲ್ಲ. ಯುಜಿಸಿಯ 2022ರ ನಿಯಮಾವಳಿಯಂತೆ ಎರಡೂ ಪದವಿ ಒಂದೇ ವಿಷಯದಲ್ಲಿ, ಒಂದೇ ಹಂತದಲ್ಲಿ. ಮೆಕ್ಯಾನಿಕಲ್ ಓದಿದರೆ ಎರಡೂ ಕಡೆಯಿಂದ ಮೆಕ್ಯಾನಿಕಲ್ಲೇ.

‘ಒಂದು ವರ್ಷ ಹೋಗಿಬಂದರೆ ಅಲ್ಲಿನ ಡಿಗ್ರಿ ಗ್ಯಾರಂಟಿ.’
ಹೆಚ್ಚು ಮಂದಿ ಎಡವುವುದು ಇಲ್ಲೇ. ವಿದೇಶಿ ಸಂಸ್ಥೆಯ ಜೊತೆಗಿನ ಕೋರ್ಸುಗಳಲ್ಲಿ ಅದೇ ನಿಯಮಾವಳಿಯಂತೆ ಮೂರು ಬಗೆ. ಟ್ವಿನ್ನಿಂಗ್‌ನಲ್ಲಿ ವಿದೇಶದಲ್ಲಿ ಗಳಿಸಬಹುದಾದದ್ದು ಗರಿಷ್ಠ ಶೇ. 30ರಷ್ಟು ಕ್ರೆಡಿಟ್ ಮಾತ್ರ; ಪದವಿ ಕೊಡುವುದು ಭಾರತದ ಸಂಸ್ಥೆಯೊಂದೇ. ಜಂಟಿ ಪದವಿಯಲ್ಲಿ ಎರಡೂ ಸಂಸ್ಥೆಗಳ ಲಾಂಛನವಿರುವ ಒಂದೇ ಪ್ರಮಾಣಪತ್ರ. ಎರಡು ಸಂಸ್ಥೆಗಳೂ ಬೇರೆಬೇರೆ ಪದವಿ ಕೊಡುವುದು ಡ್ಯುಯಲ್‌ನಲ್ಲಿ ಮಾತ್ರ. ಮಣಿಪಾಲದ ಐಸಿಎಎಸ್ ಎಂಬ ಸಂಸ್ಥೆ 1994ರಿಂದ ನಡೆಸಿಕೊಂಡು ಬಂದ ದಾರಿಯೇ ಬೇರೆ: ಎರಡು ವರ್ಷ ಇಲ್ಲಿ ಓದಿ, ಕ್ರೆಡಿಟ್ ವರ್ಗಾಯಿಸಿಕೊಂಡು ವಿದೇಶಿ ವಿಶ್ವವಿದ್ಯಾಲಯಕ್ಕೆ ಹೋದರೆ ಎಂಜಿನಿಯರಿಂಗ್ ಪದವಿ ಕೊಡುವುದು ಆ ವಿಶ್ವವಿದ್ಯಾಲಯ. ಕರಪತ್ರದ ಹಿಮದ ಫೋಟೊ ಪಕ್ಕಕ್ಕಿಟ್ಟು, ಪದವಿಗೆ ಸಹಿ ಹಾಕುವವರು ಯಾರು, ಎಷ್ಟು ಕ್ರೆಡಿಟ್ ಎಲ್ಲಿ ಎಂದು ಬರಹದಲ್ಲಿ ಕೇಳಿ.

‘ಜರ್ಮನಿಯಲ್ಲಿ ಎಲ್ಲ ಫ್ರೀ.’
ಬೋಧನಾ ಶುಲ್ಕ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ವೀಸಾಕ್ಕಾಗಿ ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. 2024ರಲ್ಲಿ ಆ ಮೊತ್ತ 11,904 ಯೂರೋ ಆಯಿತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಬರೀ ಪಿಯುಸಿ ಅಂಕದ ಮೇಲೆ ನೇರ ಪ್ರವೇಶವೂ ಸಾಮಾನ್ಯವಾಗಿ ಸಿಗದು.

‘ಹೊಲ ಐತಲ್ಲ, ಬ್ಯಾಂಕು ಸಾಲ ಕೊಡ್ತದೆ.’
ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳುತ್ತವೆ. ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಹಾಗಾಗಿ ಈರುಳ್ಳಿ ಬೆಳೆಯುವ ಐದೆಕರೆಯ ಪಹಣಿಗಿಂತ ಚಿತ್ರದುರ್ಗದ ಪುಟ್ಟ ಸೈಟಿಗೇ ಬ್ಯಾಂಕಿನಲ್ಲಿ ತೂಕ ಜಾಸ್ತಿ. ರೈತನ ಮಟ್ಟಿಗೆ ಇದು ಅನ್ಯಾಯವೇ, ಆದರೂ ಗೊತ್ತಿರಲಿ. ಊರ ಮನೆಯನ್ನೇ ಒತ್ತೆ ಇಡುವುದಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆಯನ್ನು ಮೊದಲೇ ಮಾಡಿಸಿಕೊಳ್ಳಿ.

‘ಎಸ್‌ಸಿ ಮಕ್ಕಳಿಗೆ ಕೇಂದ್ರವೇ ಕೊಡ್ತದೆ.’
ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಪದವಿ, ಪಿಎಚ್‌ಡಿಗೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು, ಅರ್ಹತಾ ಪರೀಕ್ಷೆಯಲ್ಲಿ ಶೇ. 60 ಅಂಕ ಬೇಕು. ಬಿ.ಇ.ಯನ್ನು ದುರ್ಗದ ಎಸ್‌ಜೆಎಂಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲೇ ಮುಗಿಸಿ ಅರ್ಜಿ ಹಾಕಲು ಯಾವ ಅಡ್ಡಿಯೂ ಇಲ್ಲ.