ಹದಿನಾರು ಪಿಟೀಲು, ಒಂದು ಬೆರಳು

2003ರ ಮಾರ್ಚ್ 7ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ವಾದ್ಯಗಾರರು ಮುಷ್ಕರ ಹೂಡಿದರು. ಅಲ್ಲಿಯ ದೊಡ್ಡ ರಂಗಮಂದಿರಗಳಲ್ಲಿ ಸಂಗೀತ ನಾಟಕ ಆಡಿದರೆ ಕನಿಷ್ಠ 24ರಿಂದ 26 ಮಂದಿ ವಾದಕರಿರಬೇಕೆಂಬ ಕರಾರಿತ್ತು. ನಿರ್ಮಾಪಕರಿಗೆ ಅದು ಬೇಡವಾಗಿತ್ತು. ಮುಷ್ಕರವಾದರೂ ಪ್ರದರ್ಶನ ನಿಲ್ಲಬಾರದೆಂದು ಸಿಂಥಸೈಜರ್ ಮತ್ತು ಕಂಪ್ಯೂಟರುಗಳ ‘ವರ್ಚುವಲ್ ಆರ್ಕೆಸ್ಟ್ರಾ’ವನ್ನು ಸಿದ್ಧವಿಟ್ಟುಕೊಂಡಿದ್ದರು. ಆದರೆ ನಟರೂ ರಂಗದ ಹಿಂದಿನ ಕೆಲಸಗಾರರೂ ವಾದ್ಯಗಾರರ ಜೊತೆ ನಿಂತದ್ದರಿಂದ 18 ನಾಟಕಗಳು ಬಂದ್ ಆದವು. ನಾಲ್ಕು ದಿನಗಳಲ್ಲಿ ರಾಜಿಯಾಯಿತು. ಕನಿಷ್ಠ ಸಂಖ್ಯೆ 18-19ಕ್ಕೆ ಇಳಿಯಿತು.

ಕೀಬೋರ್ಡಿನಲ್ಲೇ ಪಿಟೀಲಿನ ನಾದ ಬರುವಾಗ ಅಷ್ಟು ಜನ ಏಕೆ ಬೇಕು ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ನಿಮ್ಮ ಭೌತಶಾಸ್ತ್ರದಲ್ಲೇ ಇದೆ.

ಮೊದಲು ಯಂತ್ರದ ಕೆಲಸ ನೋಡೋಣ. 1960ರ ದಶಕದ ಮೆಲೊಟ್ರಾನ್ ವಾದ್ಯದಲ್ಲಿ ಪ್ರತಿ ಕೀಲಿಗೂ ನಿಜವಾದ ವಾದ್ಯದ ದನಿ ತುಂಬಿದ ಟೇಪಿನ ತುಂಡೊಂದಿತ್ತು. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿಯುತ್ತಿತ್ತು, ದನಿಯೂ ಮುಗಿಯುತ್ತಿತ್ತು! ಈಗ ಟೇಪಿನ ಬದಲು ಅಂಕೆಗಳಿವೆ. ಸಿ.ಡಿ. ಗುಣಮಟ್ಟದಲ್ಲಾದರೆ ಧ್ವನಿತರಂಗವನ್ನು ಸೆಕೆಂಡಿಗೆ 44,100 ಬಾರಿ ಅಳೆದಿಡುತ್ತಾರೆ. ಕೀಲಿ ಒತ್ತಿದಾಗ ಆ ಅಂಕೆಗಳು ಮತ್ತೆ ದನಿಯಾಗುತ್ತವೆ.

ಇನ್ನು ಒಂದೇ ಆವೃತ್ತಿಯ ಎರಡು ಶ್ರುತಿಕವೆ ತನ್ನಿ. ಒಂದರ ಕವಲಿಗೆ ಚೂರು ಮೇಣ ಅಂಟಿಸಿ, ಎರಡನ್ನೂ ಒಟ್ಟಿಗೆ ತಟ್ಟಿ. ದನಿ ಏರಿಳಿಯುವುದು ಕೇಳಿಸುತ್ತದೆ. ಇದೇ ಬೀಟ್ಸ್. 440 ಮತ್ತು 439 ಹರ್ಟ್ಸ್ ಕೂಡಿದರೆ ಸೆಕೆಂಡಿಗೆ ಒಂದು ಏರಿಳಿತ. ಹದಿನಾರು ಪಿಟೀಲುಗಾರರು ಒಂದೇ ಸ್ವರ ನುಡಿಸಿದರೂ ಒಬ್ಬರ ಬೆರಳು ಕೂದಲೆಳೆಯಷ್ಟು ಮೇಲೆ, ಇನ್ನೊಬ್ಬರದು ಕೆಳಗೆ. ಕಮಾನು ತಂತಿಗೆ ತಾಗುವ ಕ್ಷಣವೂ ಬೇರೆ ಬೇರೆ. ಇಂಥ ಸಣ್ಣ ಏರಿಳಿತಗಳೆಲ್ಲ ಬೆರೆತಾಗಲೇ ವಾದ್ಯವೃಂದದ ಆ ತುಂಬುನಾದ. ಒಂದೇ ಪಿಟೀಲಿನ ಮುದ್ರಣವನ್ನು ಹದಿನಾರು ಸಲ ಒಂದರ ಮೇಲೊಂದು ಇಟ್ಟರೆ ಸದ್ದು ಜೋರಾಗುತ್ತದೆ, ಅಷ್ಟೆ.

ಯಂತ್ರ ತಯಾರಕರಿಗೂ ಇದು ಗೊತ್ತು. ಹಾಗಾಗಿ ಇಡೀ ಪಿಟೀಲು ತಂಡವನ್ನೇ ಕೂರಿಸಿ, ಮೆಲ್ಲಗೆ, ಜೋರಾಗಿ, ಎಳೆದು, ಕಡಿದು ನುಡಿಸಿ ಮುದ್ರಿಸಿಕೊಳ್ಳುತ್ತಾರೆ. ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಎಷ್ಟೋ ಸಲ ನನ್ನ ಕಿವಿಗೆ ವ್ಯತ್ಯಾಸವೇ ತಿಳಿಯದು. ಆದರೆ ಆ ನಾದ ಕೊಟ್ಟವರು ಪಳಗಿದ್ದು ಎಲ್ಲಿ? ಇಂಥವೇ ತಂಡಗಳ ಹಿಂದಿನ ಸಾಲಿನಲ್ಲಿ, ಪಕ್ಕದವರಿಗೆ ಕಿವಿಗೊಟ್ಟು, ಗಾಯಕಿ ಉಸಿರೆಳೆದುಕೊಂಡರೆ ತಾವೂ ಅರೆಗಳಿಗೆ ತಡೆದು. ಕನಿಷ್ಠ ಸಂಖ್ಯೆ 24ರಿಂದ 19ಕ್ಕೆ ಇಳಿದರೆ ಐದು ಕುರ್ಚಿ ತೆಗೆಯಲು ಅನುಮತಿ ಸಿಕ್ಕಂತೆ. ತಂದೆತಾಯಿ ಹತ್ತು ವರ್ಷ ಪಾಠಕ್ಕೆ ಕಳಿಸಿ ಬೆಳೆಸಿದ ಹುಡುಗಿಗೆ ಮೊದಲ ಕೆಲಸ ಸಿಗುವುದು ಸಾಮಾನ್ಯವಾಗಿ ಅಂಥ ಹಿಂದಿನ ಕುರ್ಚಿಯಲ್ಲೇ.