ಕ್ಯಾಸೆಟ್ಟಿನ ತಂಬೂರಿ ನಮ್ಮ ಮನೆಯಲ್ಲಿ ನುಡಿದೀತೇ?

ನಿಮ್ಮ ಮನೆಯ ಅಟ್ಟದ ಮೇಲೋ, ದೇವರ ಕೋಣೆಯ ಮೂಲೆಯಲ್ಲೋ ಹಳೆಯ ತಂಬೂರಿಯೊಂದು ಗವಸು ಹಾಕಿಕೊಂಡು ನಿಂತಿದೆಯೇ? ಅಜ್ಜಿಯದೋ, ಅತ್ತೆಯದೋ, ಇಲ್ಲವೇ ಮದುವೆಗೆ ಮುಂಚೆ ನೀವೇ ನುಡಿಸುತ್ತಿದ್ದದ್ದೋ? ಹಾಗಿದ್ದರೆ ಈ ಬರಹ ನಿಮಗಾಗಿ. ತಂಬೂರಿ ಇಲ್ಲದಿದ್ದರೂ ಓದಿ. ಕ್ಯಾಸೆಟ್ಟಿನಲ್ಲಿ ಒಂದು ನಾದ ಕೇಳಿ, 'ಇದು ನನ್ನ ಮನೆಯಲ್ಲೂ ಬಂದರೆ!' ಎಂದು ಆಸೆಪಟ್ಟವರಿಗೆಲ್ಲ ಈ ಮಾತು ಸಲ್ಲುತ್ತದೆ.

ನಮ್ಮದು ಯಲ್ಲಾಪುರ ತಾಲೂಕಿನ ವಜ್ರಳ್ಳಿ. ಸುತ್ತ ಅಡಿಕೆ ತೋಟ, ವರ್ಷಕ್ಕೆ ನಾಲ್ಕು ತಿಂಗಳು ಬಿಡದ ಮಳೆ. ನಮ್ಮ ಅತ್ತೆಯವರು ಹುಡುಗಿಯಾಗಿದ್ದಾಗ ಹಿಂದೂಸ್ತಾನಿ ಸಂಗೀತ ಕಲಿತವರು. ಮದುವೆಯಾಗಿ ಬರುವಾಗ ಮಿರಜಿನ ತಂಬೂರಿಯನ್ನೂ ತಂದಿದ್ದರು. ಆಮೇಲೆ ಮಕ್ಕಳು, ಕೊಟ್ಟಿಗೆ, ಬಂದು ಹೋಗುವ ನೆಂಟರು. ತಂಬೂರಿ ಗೋಡೆ ಸೇರಿತು. ಆದರೆ ಗಂಗೂಬಾಯಿ ಹಾನಗಲ್ಲರ ಒಂದು ಕ್ಯಾಸೆಟ್ಟನ್ನು ಮಾತ್ರ ಅತ್ತೆ ಬಿಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅದು ನುಡಿಯಲೇಬೇಕು.

ಹೋದ ವರ್ಷ ಅವರ ಕಿವಿ ತೋರಿಸಲು ಹೋಗಿದ್ದೆವು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು, ತಗ್ಗಿನ ಸ್ವರಗಳು ಹೆಚ್ಚು ಕಾಲ ಉಳಿಯುತ್ತವೆ ಎಂದರು ಡಾಕ್ಟರು. ಹೌದಲ್ಲ, ಜೀರುಂಡೆ ಕೂಗುವುದು ಅತ್ತೆಗೆ ಕೇಳದೆ ಎಷ್ಟೋ ದಿನವಾಗಿತ್ತು! ಆ ರಾತ್ರಿ ಊಟವಾದ ಮೇಲೆ ಅವರು ಮೆಲ್ಲಗೆ ಹೇಳಿದರು: "ತಂಗಿ, ಆ ಕ್ಯಾಸೆಟ್ಟಿನ ಖರ್ಜದ ಹಾಂಗೆ ನಮ್ಮ ತಂಬೂರಿ ಒಂದ್ಸಲ ನುಡಿಯವು. ಕಿವಿ ಇಪ್ಪಾಗ್ಲೇ ಕೇಳಿಬಿಡವು."

ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಕೆಳಗಿನ ಷಡ್ಜ. ದಪ್ಪನೆಯ ಹಿತ್ತಾಳೆ ತಂತಿಯ ಈ ಕೊನೆಯ ಸ್ವರಕ್ಕೇ ಖರ್ಜ ಎನ್ನುತ್ತಾರೆ. ಹಾಡುವವರು ಕುಳಿತುಕೊಳ್ಳುವ ಮಣೆಯೇ ಅದು.

ಮಗ ಮೊಬೈಲಿನಲ್ಲಿ ಒಂದು ತಂಬೂರಿ ಹಾಕಿ ಅಜ್ಜಿಯ ಎದುರು ಇಟ್ಟ. "ಚೊಲೋ ಇದ್ದು. ಆದ್ರೆ ಇದು ಉಸಿರಾಡ್ತಿಲ್ಲೆ" ಎಂದರು ಅತ್ತೆ. ಅಲ್ಲಿಗೆ ನನಗೆ ಹಟ ಹಿಡಿಯಿತು. ತಂಬ್ಳಿ ಮಾಡಲು ಬರುವವಳಿಗೆ ತಂಬೂರಿ ಬಾರದೇ?

ಮೊದಲು ಕಿವಿಗೊಟ್ಟು ಕೇಳಿ

ಬೇಕಾದ ನಾದ ಯಾವುದು ಎಂದು ತಿಳಿಯದೆ ತಂತಿ ತಿರುಗಿಸಿದರೆ ಉಪ್ಪು ನೋಡದೆ ಹುಳಿ ಮಾಡಿದಂತೆ. ಹಾಗಾಗಿ ಮೊದಲು ಕ್ಯಾಸೆಟ್ಟನ್ನೇ ಗಮನಿಸಿದೆ.

ಗಂಗೂಬಾಯಿಯವರು (1913–2009) ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತವರು. 1930ರ ದಶಕದ ಅವರ ಪ್ಲೇಟುಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದಷ್ಟೇ ಜಾಗ. ಹಿಂದಿನ ತಂಬೂರಿ ಹುಡುಕಿದರೂ ಸಿಗುವುದು ಕಷ್ಟ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ಗಂಡಸರ ದನಿಯಷ್ಟು ದಪ್ಪವಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೋ ಏನೋ! ಅವರು ಅದೇ ದನಿಯಲ್ಲಿ ಹಾಡಿದರು, 2002ರಲ್ಲಿ ಪದ್ಮವಿಭೂಷಣರಾದರು. ಅತ್ತೆಯ ಕ್ಯಾಸೆಟ್ಟು ಈ ದಪ್ಪ ದನಿಯ ಕಾಲದ್ದು. ದನಿ ಇಳಿದಂತೆ ತಂಬೂರಿಯೂ ಇಳಿದಿದೆ. ಅದಕ್ಕೇ ಅದರ ಖರ್ಜ ಅಷ್ಟು ಗಂಭೀರ.

ಇಲ್ಲೊಂದು ಸ್ವಾರಸ್ಯವಿದೆ. ಗಂಡಸರ ತಂಬೂರಿಯನ್ನು ಕಪ್ಪು ಒಂದಕ್ಕೆ ಶ್ರುತಿ ಮಾಡಿದರೆ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಅಂಗೈಯಗಲದ ಟೇಪ್ ರೆಕಾರ್ಡರಿನ ಸ್ಪೀಕರಿಗಾಗಲಿ, ಮೊಬೈಲಿಗಾಗಲಿ ಅಷ್ಟು ತಗ್ಗಿನ ಸ್ವರವನ್ನು ಸರಿಯಾಗಿ ಹೊರಡಿಸುವ ಶಕ್ತಿ ಇಲ್ಲ. ಹಾಗಿದ್ದರೂ ನಮಗೆ ಖರ್ಜ ಕೇಳುತ್ತದಲ್ಲ, ಹೇಗೆ? ಒಂದು ತಂತಿ ನುಡಿದಾಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಮರಿ ಸ್ವರಗಳೂ ಹುಟ್ಟುತ್ತವೆ. ಸ್ಪೀಕರು ಈ ಮರಿಗಳನ್ನು ಮಾತ್ರ ಕೊಟ್ಟರೂ, ಅವುಗಳ ತಾಯಿ ಇಂಥದ್ದೇ ಇರಬೇಕು ಎಂದು ಮಿದುಳು ತಾನಾಗಿ ತುಂಬಿಕೊಳ್ಳುತ್ತದೆ. ನಾವು ಇಷ್ಟು ವರ್ಷ ಕೇಳಿದ ಖರ್ಜದಲ್ಲಿ ಅರ್ಧ ನಮ್ಮ ಕಿವಿಯೇ ಮಾಡಿದ ಅಡುಗೆ!

ಇದರಿಂದ ಕಲಿತ ಪಾಠ ಇಷ್ಟು: ಖರ್ಜ ಚೆನ್ನಾಗಿ ಬರಬೇಕಾದರೆ ತಂತಿಯನ್ನು ಜೋರಾಗಿ ಎಳೆಯಬೇಕಿಲ್ಲ. ಆ ಮರಿ ಸ್ವರಗಳು ಅರಳಬೇಕು.

ನಾನು ಮಾಡಿದ ತಪ್ಪು

ಆದರೆ ಇದೆಲ್ಲ ತಿಳಿಯುವ ಮುಂಚೆ ನಾನು ದುಡುಕಿದ್ದೆ. ಕ್ಯಾಸೆಟ್ಟಿನ ಷಡ್ಜಕ್ಕೇ ನಮ್ಮ ತಂಬೂರಿಯನ್ನು ಇಳಿಸಲು ಹೋದೆ. ತಂತಿಗಳು ಒಣಗಿದ ಬಟ್ಟೆಯ ಹಗ್ಗದಂತೆ ಜೋತುಬಿದ್ದು 'ಪಟ ಪಟ' ಎಂದವು. ಅತ್ತೆಯದು ಹೆಂಗಸರ ತಂಬೂರಿ. ಬುರುಡೆ ಚಿಕ್ಕದು, ದಂಡಿ ಗಿಡ್ಡ, ತಂತಿ ತೆಳು. ಕಪ್ಪು ನಾಲ್ಕರ ಸುತ್ತಮುತ್ತಲಿನ ಶ್ರುತಿಗೆಂದೇ ಮಾಡಿದ್ದು. ಸಣ್ಣ ಪಾತ್ರೆಯಲ್ಲಿ ಮದುವೆ ಮನೆ ಪಾಯಸ ಬೇಯುತ್ತದೆಯೇ?

ಇನ್ನೊಂದು ಮಾತು. ಹಳೆಯ ಟೇಪ್ ರೆಕಾರ್ಡರು ನಿಧಾನವಾಗಿ ತಿರುಗಿದರೆ ಶ್ರುತಿ ಇಳಿಯುತ್ತದೆ, ಬೇಗ ತಿರುಗಿದರೆ ಏರುತ್ತದೆ. ಹಾಗಾಗಿ ಕ್ಯಾಸೆಟ್ಟಿನ ಶ್ರುತಿಯನ್ನು ವೇದವಾಕ್ಯ ಎನ್ನಬೇಡಿ. ನಮಗೆ ಬೇಕಾದದ್ದು ಆ ನಾದದ ಗುಣ. ಅತ್ತೆಯ ಈಗಿನ ದನಿಗೂ ಹೊಂದಲೆಂದು ಕಪ್ಪು ಮೂರಕ್ಕೆ ನಿಲ್ಲಿಸಿದೆವು. ಶ್ರುತಿಯನ್ನು ಹೀಗೆ ಇಳಿಸುವುದಾದರೆ ತಂತಿ ಮಾರುವವರಿಗೆ ಅದನ್ನು ಹೇಳಿ, ಸ್ವಲ್ಪ ದಪ್ಪನೆಯವನ್ನು ಕೇಳಿ ತೆಗೆದುಕೊಳ್ಳಿ. ಹಳೆಯ ತಂತಿಗೆ ಕಿಲುಬು ಹತ್ತಿದ್ದರೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿರಡೆಗಳು ಥಂಡಿಗೆ ಉಬ್ಬಿ ತಿರುಗುವುದೇ ಇಲ್ಲ. ಬಲವಂತ ಮಾಡಿದರೆ ಮುರಿದಾವು. "ಮಳೆಗಾಲದಲ್ಲಿ ಅದು ಹಿಂಗೇಯ, ಹೆದರಡ" ಎಂದು ಅತ್ತೆಯೇ ಸಮಾಧಾನ ಹೇಳಿದರು. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಮತ್ತೆ ಕೂತೆವು. ಆಗ ಬಿರಡೆ ಜಾರತೊಡಗಿತು! ಅದಕ್ಕೆ ಸೀಮೆಸುಣ್ಣದ ಪುಡಿ ಸವರಿದರೆ ಹಿಡಿತ ಬರುತ್ತದೆ.

ಒಂದೆಳೆ ದಾರದ ಮಹಿಮೆ

ತಂತಿಗಳು ಹಾಯುವ ಅಗಲವಾದ ಮಣೆಯಂಥ ತುಂಡಿಗೆ ಕುದುರೆ ಎನ್ನುತ್ತಾರೆ. ಗಿಟಾರಿನಲ್ಲಿ ತಂತಿ ಒಂದು ಚೂಪಾದ ಅಂಚಿನ ಮೇಲೆ ಕೂತಿರುತ್ತದೆ. ತಂಬೂರಿಯ ಕುದುರೆಯ ಬೆನ್ನು ಮಾತ್ರ ತುಸುವೇ ಇಳಿಜಾರು. ಕಂಪಿಸುವ ತಂತಿ ಆ ಬೆನ್ನನ್ನು ಸವರುತ್ತಾ ಏಳುತ್ತದೆ. ಆ ಸವರಿಕೆಯಿಂದಲೇ ಮರಿ ಸ್ವರಗಳು ಜೇನುಗೂಡಿನಂತೆ ಗುಂಯ್‌ಗುಡುತ್ತವೆ. ಇದಕ್ಕೆ ಜವಾರಿ ಎಂದು ಹೆಸರು. ನಮ್ಮ ಜವಾರಿ ಸೌತೆಕಾಯಿಗೂ ಇದಕ್ಕೂ ಸಂಬಂಧವಿಲ್ಲ, ರುಚಿ ಮಾತ್ರ ಎರಡರಲ್ಲೂ ಉಂಟು!

ಸರ್ ಸಿ. ವಿ. ರಾಮನ್‌ರಿಗೂ ಇದು ಬೆರಗು ತಂದಿತ್ತು. ನೊಬೆಲ್ ಬಹುಮಾನಕ್ಕೆ ಒಂಬತ್ತು ವರ್ಷ ಮುಂಚೆ, 1921ರಲ್ಲಿ, ಅವರು ತಂಬೂರಿ ಮತ್ತು ವೀಣೆಯ ಕುದುರೆಯ ಬಗ್ಗೆ ಬರೆದರು. ಸಾಮಾನ್ಯ ನಿಯಮದಂತೆ ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿದರೆ ಕೆಲವು ಮರಿ ಸ್ವರಗಳು ಕೇಳಲೇಬಾರದು. ತಂಬೂರಿಯಲ್ಲಿ ಅವು ಚೆನ್ನಾಗಿಯೇ ಕೇಳುತ್ತವೆ. ಆ ಬಾಗಿದ ಕುದುರೆಯದೇ ಈ ಚಮತ್ಕಾರ.

ಈಗ ಗುಟ್ಟಿನ ಮಾತು. ತಂತಿಗೂ ಕುದುರೆಗೂ ನಡುವೆ ಒಂದೆಳೆ ಹತ್ತಿ ದಾರ ಇಡಬೇಕು. ಅದೇ ಜೀವದ ದಾರ. ಮಾಡುವ ಕ್ರಮ ಹೀಗೆ:

ಮೊದಲು ದಾರವಿಲ್ಲದೆ ಶ್ರುತಿ ಮಾಡಿ. ಹಾರ್ಮೋನಿಯಂ ಹಿಡಿದು ಜೋಡಿ ತಂತಿ, ಆಮೇಲೆ ಪಂಚಮ, ಕೊನೆಗೆ ಖರ್ಜ. ಬಿರಡೆಯಿಂದ ಹತ್ತಿರಕ್ಕೆ ತಂದು, ಉಳಿದ ಕೂದಲೆಳೆಯಷ್ಟನ್ನು ಕುದುರೆಯ ಹಿಂದಿನ ಮಣಿ ಸರಿಸಿ ಹೊಂದಿಸಿ. ಜೋಡಿ ತಂತಿಗಳೆರಡೂ ಒಂದೇ ತಂತಿ ಎನ್ನುವಂತೆ ಕೇಳಬೇಕು. ನಡುವೆ 'ವಂಯ್ ವಂಯ್' ಎಂದು ಅಲೆ ಎದ್ದರೆ ಇನ್ನೂ ಸೇರಿಲ್ಲ ಎಂದರ್ಥ.

ಆಮೇಲೆ ಗೇಣುದ್ದದ ತೆಳು ಹೊಲಿಗೆ ದಾರ ತೆಗೆದುಕೊಳ್ಳಿ. ಹತ್ತಿಯದೇ ಆಗಲಿ, ನೈಲಾನ್ ಬೇಡ. ಅದನ್ನು ತಂತಿಯ ಕೆಳಗೆ ತೂರಿಸಿ, ಎರಡು ತುದಿಯನ್ನೂ ಹಿಡಿದು, ಕುದುರೆಯ ಬೆನ್ನಿನ ಮೇಲೆ ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಇನ್ನೊಂದು ಕೈಯಲ್ಲಿ ಮೀಟುತ್ತಲೇ ಇರಿ. ಒಂದು ಕಡೆ ದನಿ ಮಂಕು, ಮತ್ತೊಂದು ಕಡೆ ಬರೀ ತಗಡು. ನಡುವೆ ಎಳ್ಳುಕಾಳಿನಷ್ಟು ಜಾಗದಲ್ಲಿ ನಾದ ಒಮ್ಮೆಗೇ ತೆರೆದುಕೊಳ್ಳುತ್ತದೆ. ಅಲ್ಲೇ ಬಿಡಿ. ನಾಲ್ಕು ತಂತಿಗೂ ಬೇರೆ ಬೇರೆ ದಾರ, ಬೇರೆ ಬೇರೆ ಜಾಗ. ಖರ್ಜಕ್ಕೆ ನನಗೆ ಮೂರು ಸಂಜೆ ಹಿಡಿಯಿತು.

ಎಷ್ಟು ಸರಿಸಿದರೂ ಬಾರದಿದ್ದರೆ ಕುದುರೆಯ ಮೇಲೆ ತಂತಿ ಗೀರು ಹಾಕಿರಬಹುದು. ಉಪ್ಪುಕಾಗದ ಹಿಡಿದು ಉಜ್ಜಲು ಹೋಗಬೇಡಿ! ನಾನೂ ಕೈಗೆ ತೆಗೆದುಕೊಂಡಿದ್ದೆ, ಪುಣ್ಯಕ್ಕೆ ಅತ್ತೆ ಬೈದರು. ಜವಾರಿ ತೆಗೆಯುವುದು ಕಲಿತವರ ಕೆಲಸ. ಅಂಥ ಮನೆತನಗಳು ಮಿರಜಿನಲ್ಲಿವೆ. ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ.

ಮಗನ ಬಾಸ್ ಗಿಟಾರು

ನಮ್ಮ ಹುಡುಗ ಕಾಲೇಜಿನಲ್ಲಿ ಬಾಸ್ ಗಿಟಾರು ನುಡಿಸುತ್ತಾನೆ. ಅದರಲ್ಲೂ ನಾಲ್ಕೇ ತಂತಿ. ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದಂತೆ. ನಾನು ದಾರ ಸರಿಸುವುದನ್ನು ನೋಡಿ ನಗುತ್ತಿದ್ದವ ಒಂದು ದಿನ ಹತ್ತಿರ ಬಂದು ಕೂತ. "ಅಮ್ಮಾ, ನಾವೂ ಇದನ್ನೇ ಮಾಡೋದು" ಎಂದ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೇಮ್ಸ್ ಜೇಮರ್ಸನ್ (1936–1983) ಎಂಬ ವಾದಕರಿದ್ದರು. ಅವರ ಬಾಸ್ ದನಿಯನ್ನು ಮನೆಯಲ್ಲಿ ತರಬೇಕೆಂದು ಇವತ್ತಿಗೂ ಹುಡುಗರು ಒದ್ದಾಡುತ್ತಾರಂತೆ. ಅವರು ತಂತಿ ಬದಲಿಸುತ್ತಿದ್ದುದೇ ಅಪರೂಪ, ಮೀಟುತ್ತಿದ್ದದ್ದು ಒಂದೇ ತೋರುಬೆರಳಲ್ಲಿ, ತಂತಿಗೆ ತಾಗುವಂತೆ ಒಂದು ಸ್ಪಂಜಿನ ತುಂಡು. ದುಬಾರಿ ಪೆಟ್ಟಿಗೆ ಕೊಂಡವರಿಗೆ ಸಿಗದ ದನಿ ಆ ಬೆರಳಲ್ಲೂ ಸ್ಪಂಜಿನಲ್ಲೂ ಇತ್ತು! ಅವರು ಗುಂಯ್‌ಗಾರವನ್ನು ಅಡಗಿಸಲು ಸ್ಪಂಜು ಇಟ್ಟರು, ನಾವು ಎಬ್ಬಿಸಲು ದಾರ ಇಡುತ್ತೇವೆ. ಅಷ್ಟೇ ವ್ಯತ್ಯಾಸ.

ಬೆರಳಿನ ಮಾತು ಬಂತು. ತಂಬೂರಿಯ ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಉಗುರು ತಾಗಬಾರದು. ಎಳೆಯಬೇಡಿ, ಮಗುವಿನ ಕೆನ್ನೆ ಸವರಿದಂತೆ ಸವರಿ ಬಿಡಿ. ಖರ್ಜ ಮೀಟಿದ ಮೇಲೆ ಒಂದು ಉಸಿರು ನಿಲ್ಲಿ. ಅವಸರ ಮಾಡಿದರೆ ಕೊನೆಯ ತಂತಿ ಅರಳುವ ಮುಂಚೆಯೇ ಮೊದಲನೆಯದು ಅದನ್ನು ಮುಚ್ಚಿಬಿಡುತ್ತದೆ.

ಇಷ್ಟು ನೆನಪಿಡಿ

ತಂಬೂರಿಯನ್ನು ಬಿಸಿಲಿಗೂ ಒಲೆಯ ಹತ್ತಿರಕ್ಕೂ ಇಡಬೇಡಿ, ಬುರುಡೆ ಸೀಳೀತು. ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ತಂತಿಯನ್ನು ಅಳತೆ ಮೀರಿ ಬಿಗಿಯಬೇಡಿ. ಬರಿಯ ಸಿಮೆಂಟ್ ನೆಲದ ಕೋಣೆಯಲ್ಲಿ ನಾದ ಚದುರುತ್ತದೆ, ಒಂದು ಕಂಬಳಿ ಹಾಸಿಕೊಳ್ಳಿ. ನುಡಿಸುವವರ ಕಿವಿಗೆ ಕೇಳುವುದೇ ಬೇರೆ, ದೂರಕ್ಕೆ ಕೇಳುವುದೇ ಬೇರೆ. ಮನೆಯವರೊಬ್ಬರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಕೇಳಿಸಿ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಅದಕ್ಕೂ ಒಂದು ಪರೀಕ್ಷೆ ಇದೆ. ತಂಬೂರಿಯಲ್ಲಿ ಗಾಂಧಾರದ ತಂತಿ ಇಲ್ಲ. ಆದರೆ ಖರ್ಜ ಶುದ್ಧವಾಗಿ ಸೇರಿ, ಜೀವದ ದಾರ ತನ್ನ ಜಾಗದಲ್ಲಿ ಕೂತರೆ, ಅದರ ಐದನೆಯ ಮರಿ ಸ್ವರವಾಗಿ ಗಾಂಧಾರ ತಾನಾಗಿ ಕೇಳುತ್ತದೆ. ಇದಕ್ಕೆ ಸ್ವಯಂಭೂ ಗಾಂಧಾರ ಎನ್ನುತ್ತಾರೆ.

ಮೂರನೆಯ ಸಂಜೆ ತಂಬೂರಿಯನ್ನು ಅತ್ತೆಯ ಮಡಿಲಿಗೇ ಕೊಟ್ಟೆ. ದಂಡಿಯನ್ನು ಕಿವಿಗೆ ಆನಿಸಿಕೊಂಡು ಅವರು ಮೀಟಿದರು. ಬುರುಡೆಯ ಕಂಪನ ಮಡಿಲಿಗೆ, ದಂಡಿಯ ಕಂಪನ ಕಪಾಲಕ್ಕೆ. ಮಂದವಾದ ಕಿವಿಗೆ ಇದಕ್ಕಿಂತ ಹತ್ತಿರದ ದಾರಿ ಯಾವುದಿದ್ದೀತು? ನಮ್ಮದು ಕ್ಯಾಸೆಟ್ಟಿನಷ್ಟು ತಗ್ಗಿರಲಿಲ್ಲ, ಅಷ್ಟು ದೊಡ್ಡದೂ ಇರಲಿಲ್ಲ. ನನಗೆ ಒಳಗೊಳಗೇ ಅಳುಕು. ಅತ್ತೆ ಕಣ್ಣು ಮುಚ್ಚಿ ನಾಲ್ಕು ಸುತ್ತು ಮೀಟಿ, ನನ್ನ ಕಡೆ ತಿರುಗಿದರು.

"ಗಾಂಧಾರ ಬಂತು ತಂಗಿ."

ಆ ಸಂಜೆ ಯಾರೂ ಕ್ಯಾಸೆಟ್ಟು ಹಾಕಲಿಲ್ಲ. ನಿಮ್ಮ ಮನೆಯ ಗವಸನ್ನೂ ಒಮ್ಮೆ ಬಿಚ್ಚಿ ನೋಡಿ. ಒಂದೆಳೆ ದಾರ ಹೇಗೂ ನಿಮ್ಮ ಹೊಲಿಗೆ ಡಬ್ಬಿಯಲ್ಲಿ ಇದ್ದೇ ಇರುತ್ತದೆ!